ಷಡ್ಡಕನ ಮಕ್ಕಳ ಹಲ್ಲು

ಹಾರೋಹಳ್ಳಿಯಿಂದ ನಾವು ಹೊರಟಾಗ ರಸ್ತೆ ತುಂಬ ಮಂಜು. ಅವರೆಕಾಯಿ ಕಾಲದ ಚಳಿ. ಎದುರಿಗೆ ಬರುವ ಲಾರಿಯ ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಒಂಬತ್ತು ತುಂಬಿದ ಮಗಳು ಚೈತ್ರ ನನ್ನ ಕೈ ಹಿಡಿದು ನಿಂತಿದ್ದಳು. ಮಂಕಿ ಟೋಪಿಯೊಳಗೆ ಅವಳ ಎಡಗೆನ್ನೆ ಬಾಯಲ್ಲಿ ಬೋಂಡ ಇಟ್ಟುಕೊಂಡ ಹಾಗೆ ಊದಿತ್ತು. ಕೆಳದವಡೆಯ ಹಿಂದಿನ ಹಲ್ಲು ಹುಳುಕಾಗಿ, ವಸಡು ಬಾತು, ಲವಂಗದ ಎಣ್ಣೆಗೂ ಬಗ್ಗದ ನೋವು. ಅವಳೂ ನಿದ್ದೆ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಫ್ಯಾಕ್ಟರಿಗೆ ರಜೆ ಹಾಕಿ, ಕನಕಪುರದಲ್ಲಿ ಹಲ್ಲು ಕೀಳಿಸಿ, ರಾಮನಗರ, ಮಾಗಡಿ ಮೇಲೆ ಕಲ್ಯಕ್ಕೆ ಹೋಗಿ ಅವಳನ್ನು ಅವಳಮ್ಮನ ಹತ್ತಿರ ಬಿಡಬೇಕು ಅಂತ ಹೊರಟಿದ್ದೆ.

ನನ್ನ ಹೆಂಡತಿ ಸುಧಾ ಮೊದಲೇ ಕಲ್ಯಕ್ಕೆ ಹೋಗಿದ್ದಳು. ಅಲ್ಲಿರುವುದು ಅವಳ ಅಕ್ಕ ಲಲಿತಕ್ಕನ ಮನೆ. ಲಲಿತಕ್ಕನ ಗಂಡ ಪುಟ್ಟಸ್ವಾಮಣ್ಣ, ಅಂದರೆ ನನ್ನ ಷಡ್ಡಕ, ರೇಷ್ಮೆ ಹುಳ ಸಾಕುತ್ತಾನೆ. ಎದುರಿಗೆ ಅಣ್ಣ ಅಂತಲೇ ಕರೆಯುತ್ತೇನೆ, ಬರೆಯುವಾಗ ಏಕವಚನ ಬರುತ್ತದೆ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಎಷ್ಟು ಕೈ ಇದ್ದರೂ ಸಾಲದು ಅಂತ ಅಕ್ಕ ತಂಗಿಯನ್ನು ಕರೆಸಿಕೊಂಡಿದ್ದಳು. ಹಲ್ಲುನೋವು ಬಂದಿದ್ದು ಸುಧಾ ಹೋದ ಮೇಲೆ.

ಷಡ್ಡಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವನ ತೋಟಕ್ಕಲ್ಲ, ಹೊಸದಾಗಿ ಕಟ್ಟಿಸಿದ ಮನೆಗೂ ಅಲ್ಲ. ಅವನ ಎರಡು ಮಕ್ಕಳ ಹಲ್ಲಿಗೆ. ನಮ್ಮ ಭಾಮೈದನ ಮದುವೆಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದಾಗ ನಮ್ಮ ಮಾವ ಎಲ್ಲರೆದುರಿಗೆ, "ನೋಡ್ರಪ್ಪ ಪುಟ್ಟಸ್ವಾಮಿ ಮಕ್ಳ ಹಲ್ಲ, ದಾಳಿಂಬೆ ಬೀಜ ಜೋಡಿಸ್ದಂಗವೆ" ಅಂದರು. ಫೋಟೋದವನು ಚೈತ್ರಳ ಕಡೆ ತಿರುಗಿ, "ಪಾಪು, ನೀನು ಬಾಯಿ ಮುಚ್ಕೊಂಡು ನಗು" ಅಂದ. ಅವತ್ತಿನಿಂದ ಅವಳು ಬಾಯಿ ಮುಚ್ಚಿಕೊಂಡೇ ನಗುತ್ತಾಳೆ. ಅವತ್ತಿನಿಂದ ಷಡ್ಡಕ ಸಿಕ್ಕಾಗಲೆಲ್ಲ ನಾನು ಅವನ ಮುಖ ನೋಡದೆ ಮಾತಾಡುತ್ತೇನೆ.

ಕನಕಪುರದ ಬಸ್ಸು ಬಂದಾಗ ಫ್ಯಾಕ್ಟರಿಗಳಿಂದ ನೈಟ್ ಶಿಫ್ಟ್ ಮುಗಿಸಿದವರು ಸೀಟು ತುಂಬಿದ್ದರು. ಕಂಡಕ್ಟರ್ ಮಗಳಿಗೆ ಸೊನ್ನೆ ಟಿಕೆಟ್ ಹರಿದುಕೊಟ್ಟ, ನನ್ನ ಹತ್ತಿರ ದುಡ್ಡು ಇಸಕೊಂಡ. ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಪುಕ್ಕಟೆ ಬಂದಾಗಿನಿಂದ ಬಸ್ಸಿನಲ್ಲೂ ನನಗೆ ಹೊಟ್ಟೆ ಉರಿಯುವುದು ತಪ್ಪಿಲ್ಲ. ಮುಂದಿನ ಸೀಟಿನಲ್ಲಿ ಒಬ್ಬಳು ತಾಯಿ ತನ್ನ ಮಗನಿಗೆ ಬಿಸ್ಕತ್ತು ಕೊಡುತ್ತಿದ್ದಳು. ಒಂದು ಮುಗಿದರೆ ಇನ್ನೊಂದು, ದಾರಿಯುದ್ದಕ್ಕೂ. ಆ ಹುಡುಗ ನನ್ನ ಕಡೆ ತಿರುಗಿ ನಕ್ಕ. ಹಲ್ಲು ಬೆಳ್ಳಗಿತ್ತು. ಎಲ್ಲರ ಮಕ್ಕಳೂ ತಿನ್ನುತ್ತವೆ, ನನ್ನ ಮಗಳ ಹಲ್ಲಿಗೆ ಮಾತ್ರ ಯಾಕೆ ಹುಳ ಬೀಳಬೇಕು ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಕನಕಪುರದಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಕ್ಲಿನಿಕ್ಕಿಗೆ ಹೋದೆವು. ಬಾಗಿಲು ತೆಗೆಯುವ ಮೊದಲೇ ಜನ ಕೂತಿದ್ದರು. ಡಾಕ್ಟರು ಚೈತ್ರಳ ಬಾಯಿ ನೋಡಿ, ಕನ್ನಡಿ ಕಡ್ಡಿ ಕೆಳಗಿಟ್ಟು, "ಇದನ್ನ ನಾನು ಕೀಳಲ್ಲ. ಚನ್ನಪಟ್ಟಣದಲ್ಲಿ ಮಕ್ಕಳ ಹಲ್ಲಿನ ಡಾಕ್ಟರಮ್ಮ ಇದಾರೆ, ಅಲ್ಲಿ ತೋರ್ಸಿ. ಉಳಿಸೋಕಾಗುತ್ತಾ ಅಂತ ಅವರು ನೋಡ್ಲಿ" ಅಂದರು.

"ಉಳಿಸೋದ್ಯಾಕೆ ಸಾರ್, ಬಿದ್ದೋಗೋ ಹಲ್ಲು" ಅಂದೆ.

"ಮೊದ್ಲು ಹೋಗಿ ತೋರ್ಸಿ" ಅಂತ ಮುಂದಿನವರನ್ನು ಕರೆದರು.

ಹಾಲು ಹಲ್ಲಿಗೆ ಇಷ್ಟು ರಾಮಾಯಣವೇ ಅಂತ ಗೊಣಗಿಕೊಂಡು ಹೊರಗೆ ಬಂದೆ. ಚೈತ್ರಳಿಗೆ ಹೋಟೆಲಿನಲ್ಲಿ ಇಡ್ಲಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟರು. ಬಲಗಡೆಯಿಂದ ಒಂದೊಂದೇ ತುತ್ತು ನುಂಗಿದಳು. ನನಗೆ ಮಸಾಲೆ ದೋಸೆ ತರಿಸಿಕೊಂಡಿದ್ದೆ, ಅವಳ ಎದುರು ಕರುಂ ಅನ್ನಿಸಿ ತಿನ್ನಲಾಗದೆ ಅರ್ಧ ಬಿಟ್ಟೆ.

ಕನಕಪುರದಿಂದ ರಾಮನಗರ ಮೂವತ್ತು ಕಿಲೋಮೀಟರಿನ ಒಳಗೇ ಇದೆ, ಆದರೆ ಆ ಬಸ್ಸು ಕಂಡಕಂಡಲ್ಲಿ ನಿಂತಿತು. ಮಂಜು ಕರಗಿ ಬಂಡೆಗಳು ಕಾಣಿಸತೊಡಗಿದವು. ರಸ್ತೆ ಮೇಲೆ ಹುರುಳಿ ಹರಡಿದ್ದರು, ಬಸ್ಸು ಅದರ ಮೇಲೆ ಹಾದು ಅವರ ಒಕ್ಕಣೆ ಕೆಲಸ ಪುಕ್ಕಟೆ ಮಾಡಿಕೊಟ್ಟಿತು. ಚೈತ್ರ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ರಾಮನಗರದ ಸ್ಟ್ಯಾಂಡಿನಲ್ಲಿ ಗೂಡು ಮಾರಿ ಬಂದ ರೈತರು ಖಾಲಿ ಚೀಲ ಮಡಚಿಕೊಂಡು ಟೀ ಕುಡಿಯುತ್ತಿದ್ದರು. ಅವರಲ್ಲಿ ನನ್ನ ಷಡ್ಡಕನ ಹಾಗೆ ಕಾಣುವವನೊಬ್ಬ ಇದ್ದ. ಅವನಲ್ಲ ಅಂತ ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಗುರಾಯಿಸಿದೆ.

ಚನ್ನಪಟ್ಟಣ ಅಲ್ಲಿಂದ ಹತ್ತಿರ. ಹೆದ್ದಾರಿ ಬದಿಯ ಗೊಂಬೆ ಅಂಗಡಿಗಳ ಮುಂದೆ ಮರದ ಕುದುರೆಗಳು ಸಾಲಾಗಿ ನಿಂತಿದ್ದವು. ಚೈತ್ರ ಒಂದರ ಮುಂದೆ ನಿಂತಳು, ಬೇಕು ಅನ್ನಲಿಲ್ಲ, ಅನ್ನುವಷ್ಟು ಬಾಯಿ ತೆರೆಯಲು ಆಗುತ್ತಿರಲಿಲ್ಲ. ಬರುವಾಗ ನೋಡೋಣ ಅಂತ ಕರೆದುಕೊಂಡು ಹೋದೆ.

ಡಾಕ್ಟರಮ್ಮ ನನಗಿಂತ ಚಿಕ್ಕವರು. ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಹೆಸರು ಕೇಳಿ, ಶಾಲೆ ಕೇಳಿ, ಮಾತಾಡಿಸುತ್ತಲೇ ಒಂದು ಚಿಕ್ಕ ಎಕ್ಸ್‌ರೇ ತೆಗೆದರು. ವಸಡಿಗೆ ಕಡ್ಡಿ ತಾಗಿದ ಕೂಡಲೇ ರಕ್ತ ಬಂತು. "ಉಜ್ಜುವಾಗ್ಲೂ ಹೀಗೇ ಬರುತ್ತಾ?" ಅಂತ ಕೇಳಿದರು.

"ಬರುತ್ತೆ ಮೇಡಂ. ಅದಕ್ಕೇ ಆ ಕಡೆ ಬ್ರಷ್ ಹಾಕ್ಬೇಡ ಅಂತ ನಾನೇ ಹೇಳಿದ್ದೆ."

"ಉಜ್ಜದೆ ಇರೋದಕ್ಕೇ ರಕ್ತ ಬರೋದು ಸಾರ್. ಹಲ್ಲಿನ ಬುಡದಲ್ಲಿ ಕೊಳೆ ಕೂತು ವಸಡು ಬಾತ್ಕೊಳ್ಳುತ್ತೆ. ಮೆತ್ತಗಿರೋ ಬ್ರಷ್ಷಲ್ಲಿ ದಿನಾ ಉಜ್ಜಿದ್ರೆ ಎಷ್ಟೋ ಮಕ್ಕಳಿಗೆ ವಾರ ಹತ್ತು ದಿನದಲ್ಲಿ ತಾನೇ ನಿಲ್ಲುತ್ತೆ. ರಾತ್ರಿ ಏನಾದ್ರೂ ತಿಂದು ಹಾಗೇ ಮಲಗ್ತಾಳಾ?"

ಸೆಕೆಂಡ್ ಶಿಫ್ಟ್ ಮುಗಿಸಿ ನಾನು ಮನೆಗೆ ಹೋಗುವ ಹೊತ್ತಿಗೆ ಅವಳು ಮಲಗಿರುತ್ತಾಳೆ. ಎಬ್ಬಿಸಿ ಜೇಬಿನಿಂದ ಒಂದು ಚಾಕಲೇಟ್ ಕೊಟ್ಟರೆ ಕಣ್ಣು ಮುಚ್ಚಿಕೊಂಡೇ ತಿಂದು, ನನ್ನ ಕತ್ತು ತಬ್ಬಿ ಮತ್ತೆ ಮಲಗುತ್ತಾಳೆ. ಇಡೀ ದಿನದಲ್ಲಿ ಮಗಳು ನನಗೆ ಸಿಗುವುದು ಅಷ್ಟು ಹೊತ್ತು. ಅದನ್ನು ಹಾಗೇ ಹೇಳಿದೆ. ಡಾಕ್ಟರಮ್ಮ ಮಗಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರು.

"ಇದು ಯಾವ ಹಲ್ಲು ಅಂದ್ಕೊಂಡಿದೀರಿ?"

"ಹಾಲು ಹಲ್ಲು."

"ಹೇಗೆ ಹೇಳ್ತೀರಿ?"

"ಆ ಜಾಗದ ಹಲ್ಲು ಇನ್ನೂ ಬಿದ್ದೇ ಇಲ್ವಲ್ಲ ಮೇಡಂ. ಬಿದ್ದಿದ್ದನ್ನೆಲ್ಲ ಸಗಣಿ ಉಂಡೇಲಿಟ್ಟು ಸೂರಿನ ಮೇಲಕ್ಕೆ ಎಸೆದಿದೀವಿ. ಮುಂದಿನವೆಲ್ಲ ಎಸೆದಾಯ್ತು, ಹೊಸವು ಬಂದ್ವು. ಹಿಂದಲದ್ದು ಒಂದೂ ಸೂರಿಗೆ ಹೋಗಿಲ್ಲ. ಅಂದ್ಮೇಲೆ ಹಾಲು ಹಲ್ಲೇ ಅಲ್ವಾ?"

ಡಾಕ್ಟರಮ್ಮ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. "ಈ ಕಡೆಯಿಂದ ಬರೋರೆಲ್ಲ ಇದನ್ನೇ ಹೇಳ್ತಾರೆ. ಸೂರಿಗೆ ಹೋಗದೆ ಇರೋ ಹಲ್ಲೆಲ್ಲ ಹಾಲು ಹಲ್ಲು ಅಂತ. ಈ ಹಲ್ಲಿನ ಜಾಗದಲ್ಲಿ ಮೊದಲು ಯಾವ ಹಲ್ಲೂ ಇರೋದಿಲ್ಲ ಸಾರ್. ಆರು ವರ್ಷದ ಆಸುಪಾಸಲ್ಲಿ ಹಾಲು ಹಲ್ಲುಗಳ ಹಿಂದೆ ಖಾಲಿ ವಸಡಲ್ಲಿ ತಾನಾಗೇ ಮೂಡುತ್ತೆ. ಒಂದು ಬೀಳಲ್ಲ, ನೋಯಲ್ಲ, ಮನೆಯವರಿಗೆ ಬಂದಿದ್ದೇ ಗೊತ್ತಾಗಲ್ಲ. ಇದು ಸಾಯೋವರೆಗೂ ಇರಬೇಕಾದ ಹಲ್ಲು."

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲಿನ ತಲೆ ಅರ್ಧಕ್ಕರ್ಧ ಇರಲಿಲ್ಲ, ಕಪ್ಪು ಬೇರಿನವರೆಗೂ ಇಳಿದಿತ್ತು. ತುಂಬಿಸಲು ಗೋಡೆಯೇ ಉಳಿದಿಲ್ಲ, ತೆಗೆಯಲೇಬೇಕು ಅಂದರು.

"ಇನ್ನೊಂದು ಬರಲ್ವಾ ಮೇಡಂ?"

"ಇದರ ಜಾಗಕ್ಕೆ ಬರಲ್ಲ. ಹನ್ನೆರಡರ ಹೊತ್ತಿಗೆ ಇದರ ಹಿಂದೆ ಇನ್ನೊಂದು ಬರುತ್ತೆ, ಅದು ಸ್ವಲ್ಪ ಮುಂದಕ್ಕೆ ಸರಿದ್ರೂ ಸರೀಬಹುದು. ಭರವಸೆ ಕೊಡೋಕಾಗಲ್ಲ." ಆಮೇಲೆ ಮೆಲ್ಲಗೆ ಹೇಳಿದರು, "ಮೂಡಿದ ಹೊಸದರಲ್ಲಿ ಬಂದಿದ್ರೆ ಮೇಲಿನ ಗೆರೆಗಳಿಗೆ ಲೇಪ ಹಾಕ್ಬಹುದಿತ್ತು. ನಮ್ಮೂರ ಗೊಂಬೆಗೆ ಅರಗು ಹಿಡಿಸ್ತಾರಲ್ಲ, ಹಾಗೆ. ತಿಂದದ್ದು ಒಳಗೆ ಕೂರಲ್ಲ. ಒಂದು ಚುಕ್ಕೆ ಕಂಡಾಗ ಬಂದಿದ್ರೂ ತುಂಬಿಸಿ ಉಳಿಸ್ಬಹುದಿತ್ತು."

ಚುಕ್ಕೆ ಕಂಡಾಗ ನಾನು ಏನು ಮಾಡಿದ್ದೆ? ಬಿದ್ದೋಗೋ ಹಲ್ಲು ಬಿಡು ಅಂದಿದ್ದೆ. ಸುಧಾ ಕೂಡ ಅಂದಿದ್ದಳು. ನಮ್ಮ ತಾಯಿಯೂ ಅಂದಿದ್ದರು.

ಸೂಜಿ ಚುಚ್ಚಿದಾಗ ಚೈತ್ರ ನನ್ನ ಹೆಬ್ಬೆರಳು ಹಿಡಿದಿದ್ದಳು. ಕೀಳುವಾಗ ಅವಳಿಗೆ ನೋವಾಗಲಿಲ್ಲ, ಆದ ಸದ್ದು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಹತ್ತಿ ಕಚ್ಚಿಕೊಂಡೇ ಹಲ್ಲು ಬೇಕು ಅಂತ ಕೈಸನ್ನೆ ಮಾಡಿದಳು. ಡಾಕ್ಟರಮ್ಮ ತೊಳೆದು ಕಾಗದದಲ್ಲಿ ಸುತ್ತಿ ಕೊಟ್ಟರು. ಇನ್ನು ಹೊಸದು ಬರುವುದಿಲ್ಲ ಅಂತ ಅವಳಿಗೆ ಯಾರೂ ಹೇಳಲಿಲ್ಲ. ನಾನು ಹೇಳಬಹುದಿತ್ತು. ಹೇಳುವ ಬದಲು ಅಂಗಡಿಗೆ ಕರೆದುಕೊಂಡು ಹೋಗಿ ಕೆಂಪು ಕುದುರೆ ಕೊಡಿಸಿದೆ.

ರಾಮನಗರಕ್ಕೆ ವಾಪಸು ಬಂದು ಮಾಗಡಿ ಬಸ್ಸಿಗೆ ಕಾದೆವು. ಬರಿಗೈಯಲ್ಲಿ ಹೋಗಬಾರದು ಅಂತ ಷಡ್ಡಕನ ಮಕ್ಕಳಿಗೆ ಜಹಾಂಗೀರ್ ಕಟ್ಟಿಸಿಕೊಂಡೆ. ದೊಡ್ಡ ಪೊಟ್ಟಣವನ್ನೇ ಕಟ್ಟಿಸಿದೆ. ಮರ್ಯಾದೆಗೆ ಅಂತ ಅಂಗಡಿಯವನಿಗೆ ಹೇಳಿದರೂ ಒಳಗಿನ ಮಾತು ಬೇರೆಯೇ ಇತ್ತು. ತಿನ್ನಲಿ, ಅವಕ್ಕೂ ಹುಳ ಬೀಳಲಿ ಅಂತ ಅನ್ನಿಸಿತು. ಮಕ್ಕಳ ಮೇಲೆ ಇಂಥ ಯೋಚನೆ ಬಂತಲ್ಲ ಅಂತ ನಾಚಿಕೆಯೂ ಆಯಿತು. ಆದರೂ ಪೊಟ್ಟಣ ಚಿಕ್ಕದು ಮಾಡಿಸಲಿಲ್ಲ.

ಮಾಗಡಿ ರಸ್ತೆ ತಿರುವುಗಳದ್ದು. ಕೊಯ್ದ ರಾಗಿ ಹೊಲಗಳು, ಮೆದೆಗಳು, ನಡುನಡುವೆ ಮಾವಿನ ತೋಪು. ಆ ದಾರಿಯಲ್ಲಿ ನಾನು ಕಂಡದ್ದಕ್ಕಿಂತ ಲೆಕ್ಕ ಹಾಕಿದ್ದೇ ಹೆಚ್ಚು. ಶಾಶ್ವತ ಹಲ್ಲು ಕೀಳಿಸಿದೆ ಅಂದರೆ ಷಡ್ಡಕ ಏನನ್ನುತ್ತಾನೆ? "ಅಯ್ಯೋ ಪಾಪ" ಅನ್ನುತ್ತಾನೆ. ಬೈದರೆ ತಡೆದುಕೊಳ್ಳಬಹುದು, ಅವನ ಬಾಯಿಂದ ಅಯ್ಯೋ ಪಾಪ ಕೇಳಲಾರೆ. ಮಾವನವರ ಕಿವಿಗೆ ಹೋಗುತ್ತದೆ, ಮುಂದಿನ ಮದುವೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮಾಗಡಿಯಲ್ಲಿ ಇಳಿದು ಕಲ್ಯಕ್ಕೆ ಆಟೋ ಹತ್ತುವ ಹೊತ್ತಿಗೆ ಏನು ಹೇಳಬೇಕು ಅಂತ ತೀರ್ಮಾನ ಆಗಿತ್ತು.

ಹೊತ್ತು ಮುಳುಗುವ ಮುಂಚೆ ತಲುಪಿದೆವು. ಎಲ್ಲರೂ ಹುಳದ ಮನೆಯಲ್ಲಿದ್ದರು. ಹಣ್ಣಾದ ಹುಳಗಳನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಿದ್ದರು. ಬಿದಿರಿನ ದೊಡ್ಡ ತಟ್ಟೆಗೆ ಅಲ್ಲಿ ಚಂದ್ರಿಕೆ ಅನ್ನುತ್ತಾರೆ. ನಾನು ಬಾಗಿಲಿಗೆ ಹೋಗುತ್ತಿದ್ದಂತೆಯೇ ಷಡ್ಡಕ ಒಳಗಿಂದ, "ಚಪ್ಪಲಿ ಆಚೆ ಬುಡಯ್ಯ. ಬ್ಲೀಚಿಂಗ್ ನೀರೈತೆ ನೋಡು, ಕೈ ಕಾಲು ತೊಳ್ಕೊಂಡು ಬಾ" ಅಂದ. ಬಂದ ನೆಂಟನಿಗೆ ಮೊದಲ ಮಾತು ಇದು.

ಸುಧಾ ಓಡಿ ಬಂದು ಮಗಳ ಕೆನ್ನೆ ಮುಟ್ಟಿದಳು. "ಕೀಳಿಸಿದ್ರಾ? ಏನಂದ್ರು?"

"ಹಾಲು ಹಲ್ಲು. ಬಿದ್ದೋಗೋದೇ ಆಗಿತ್ತು, ನೋವು ಅಂತ ಕಿತ್ರು ಅಷ್ಟೆ" ಅಂದೆ. ಎಲ್ಲರಿಗೂ ಕೇಳುವ ಹಾಗೆ ಅಂದೆ. ಚೈತ್ರ ನನ್ನ ಮುಖ ನೋಡುತ್ತಾ ತಲೆಯಾಡಿಸಿದಳು. ಅವಳಿಗೆ ಅದು ನಿಜವೇ ಆಗಿತ್ತು.

"ಇನ್ನೇನ್ ಬುಡು, ಹೊಸದು ಬತ್ತದೆ" ಅಂದ ಷಡ್ಡಕ.

ರಾತ್ರಿ ಊಟಕ್ಕೆ ಮುದ್ದೆ, ಹಿದಕಿದ ಅವರೆಬೇಳೆ ಸಾರು. ಅವರೆಕಾಳು ಅಂದರೆ ಮಾಗಡಿ ಕಡೆಯದು, ಅದರಲ್ಲಿ ಎರಡು ಮಾತಿಲ್ಲ. ಚೈತ್ರಳಿಗೆ ಲಲಿತಕ್ಕ ಅನ್ನ ಹಾಲು ಕಲಸಿ ತಣ್ಣಗೆ ಮಾಡಿ ಕೊಟ್ಟಳು. ಊಟ ಆದ ಮೇಲೆ ಷಡ್ಡಕನ ಮಕ್ಕಳಿಬ್ಬರೂ ಹಿತ್ತಲಿಗೆ ಹೋಗಿ ಬಂದರು. ನಾನು ಜಹಾಂಗೀರ್ ಪೊಟ್ಟಣ ಬಿಚ್ಚಿ ಚಿಕ್ಕವಳು ಮಾನ್ಯಳ ಮುಂದೆ ಹಿಡಿದೆ. ಅವಳಿಗೆ ಏಳು ವರ್ಷ. ಕೈ ಹಿಂದಕ್ಕೆ ಕಟ್ಟಿಕೊಂಡು, "ಬ್ಯಾಡ ಚಿಕ್ಕಪ್ಪ, ನಮ್ ಬಾಯಿ ಜ್ವರಕ್ಕೆ ಕೂತೈತೆ" ಅಂದಳು.

ನಾನು ಗಾಬರಿಯಾಗಿ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಮನೆಯೆಲ್ಲ ಗೊಳ್ಳೆಂದು ನಕ್ಕಿತು.

"ಆ ಜ್ವರ ಅಲ್ಲ ಕಣಯ್ಯ" ಅಂದ ಷಡ್ಡಕ. "ಹುಳ ಪೊರೆ ಬುಡೋ ಮುಂಚೆ ಸೊಪ್ಪು ಬುಟ್ಟು ತಲೆ ಎತ್ಕೊಂಡು ಸುಮ್ಕೆ ಕೂತ್ಕತದಲ್ಲ, ಅದಕ್ಕೆ ಜ್ವರ ಅಂತೀವಿ. ಆಗ ಒಂದೆಲೆ ಸೊಪ್ಪು ಹಾಕುದ್ರೂ ಕೆಟ್ಟೋಯ್ತದೆ. ಬಾಯೂ ಅಂಗೇ. ರಾತ್ರಿ ಹಲ್ಲುಜ್ಜಿದ ಮೇಲೆ ಜ್ವರಕ್ಕೆ ಕೂತಂಗೆ. ಬೆಳಗಾಗೋಗಂಟ ನೀರು ಬುಟ್ಟು ಏನೂ ಇಲ್ಲ. ಹಗಲೊತ್ತು ಸ್ವೀಟು ತಿನ್ನಬೇಕಾ? ಊಟದ ಜೊತೇಲೆ ತಿಂದು ಮುಗಿಸ್ಬುಡಬೇಕು. ಗಂಟೆಗೊಂದ್ಸಲ ಮೇಯೋ ಹಂಗಿಲ್ಲ."

"ಯಾರು ಹೇಳಿಕೊಟ್ರಣ್ಣ?"

"ಯಾರ್ ಹೇಳ್ಕೊಡಬೇಕು? ಹುಳ ಸಾಕೋನಿಗೆ ಮಕ್ಳ ಸಾಕೋಕ್ ಬರಲ್ವಾ?"

ಆ ಮಾತಿನ ಗತ್ತು ನೋಡಿ! ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಾನ್ಯಳನ್ನು ಹತ್ತಿರ ಎಳೆದುಕೊಂಡು, "ಬಾಯಿ ತಗಿಯವ್ವ, ಚಿಕ್ಕಪ್ಪ ನೋಡ್ಲಿ" ಅಂತ ತನ್ನ ಮೊಬೈಲ್ ಟಾರ್ಚ್ ಹಾಕಿ ನನ್ನ ಕೈಗೆ ಕೊಟ್ಟ.

ನೋಡಿದೆ. ಮುಂದಿನ ಹಲ್ಲೆರಡು ಹೊಸದಾಗಿ ಬಂದಿದ್ದವು, ಉಳಿದವು ಪುಟ್ಟ ಪುಟ್ಟ ಬಿಳಿ ಹಲ್ಲು. ವಸಡು ಗುಲಾಬಿ ಬಣ್ಣ. ಎಲ್ಲೂ ಒಂದು ಕಲೆ ಇಲ್ಲ ಅಂತ ಟಾರ್ಚ್ ವಾಪಸು ಕೊಡುವಷ್ಟರಲ್ಲಿ ಕೆಳಗಡೆ, ಎಲ್ಲಕ್ಕಿಂತ ಹಿಂದೆ, ದೊಡ್ಡದೊಂದು ಹಲ್ಲು ಕಂಡಿತು. ಅದರ ಮೇಲಿನ ಗೆರೆಯಲ್ಲಿ ಅಕ್ಕಿ ನುಚ್ಚಿನಷ್ಟು ಕಪ್ಪು ಚುಕ್ಕೆ.

"ಆ ಹಿಂದಲದ್ರಲ್ಲಿ ಏನೋ ಕಪ್ಪಗೈತಲ್ಲಣ್ಣ" ಅಂದೆ.

"ಅದಾ? ಹಾಲಲ್ಲು, ಬಿದ್ದೋಯ್ತದೆ. ಈಗ ನಿನ್ ಮಗಳದು ಹೋಗ್ನಿಲ್ವಾ, ಅಂಗೆ. ಅದುಕ್ಕೆ ಅಲ್ಲಿಗಂಟ ಬ್ರಷ್ಷು ಹಾಕಿ ನೋಯಿಸ್ಬ್ಯಾಡ ಅಂತ ನಾನೇ ಹೇಳಿವ್ನಿ."

ನಾನು ಟಾರ್ಚ್ ಆರಿಸಿದೆ. "ಹೂಂ, ಅದೂ ಸರಿಯೇ" ಅಂದೆ. ಹೇಳಲೇ ಇಲ್ಲ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಹುಳ ಸಾಕುವವನ ಮಗಳಿಗೂ ಹುಳ ಬಿತ್ತು. ಇನ್ನೆರಡು ವರ್ಷ ಹೋದರೆ ಅವಳೂ ಕೆನ್ನೆ ಹಿಡಿದುಕೊಂಡು ಕೂರುತ್ತಾಳೆ, ಅವಳನ್ನೂ ಯಾರೋ ಬಾಯಿ ಮುಚ್ಚಿ ನಗು ಅನ್ನುತ್ತಾರೆ, ಆಗ ನಾನು ಹೋಗಿ ಅಯ್ಯೋ ಪಾಪ ಅನ್ನುತ್ತೇನೆ. ಹಾಗೆಲ್ಲ ಯೋಚಿಸಿಕೊಂಡು ಮಲಗಿದೆ, ನಿದ್ದೆಯೂ ಚೆನ್ನಾಗಿ ಬಂತು.

ಬೆಳಿಗ್ಗೆ ಎದ್ದಾಗ ಚೈತ್ರಳ ಊತ ಇಳಿದಿತ್ತು. ಹುಳಗಳೆಲ್ಲ ಚಂದ್ರಿಕೆ ಹತ್ತಿ ನೂಲು ಬಿಡುತ್ತಿದ್ದವು, ಮನೆಯವರ ಕೈಗೆ ಬಿಡುವು ಸಿಕ್ಕಿತ್ತು. ನಾನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಚೈತ್ರ ಕೊಟ್ಟಿಗೆ ಕಡೆಯಿಂದ ಬಂದಳು. ಅಂಗೈಯಲ್ಲಿ ಸಗಣಿ ಉಂಡೆ. ಒಳಗೆ ಡಾಕ್ಟರಮ್ಮ ಕೊಟ್ಟ ಹಲ್ಲು. ಮಾನ್ಯ ಹಿಂದೆ ಹಿಂದೆಯೇ ಕುಣಿಯುತ್ತಿದ್ದಳು. ಸುಧಾ, ಲಲಿತಕ್ಕ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತರು.

"ಹುಳದ ಮನೆ ಹೆಂಚಿನ ಮ್ಯಾಲೆ ಎಸಿಯವ್ವ" ಅಂದ ಷಡ್ಡಕ, ನಗುತ್ತಾ. "ನಮ್ ಸೂರಿಗೆ ಎಸುದ್ರೆ ನಮ್ ಮಕ್ಳಂತ ಹಲ್ಲೇ ಬತ್ತದೆ."

ಚೈತ್ರ ನನ್ನ ಕಡೆ ತಿರುಗಿ ನಕ್ಕಳು. ಬಾಯಿ ತೆರೆದೇ ನಕ್ಕಳು, ಊತ ಇಳಿದ ಖುಷಿಗೋ ಏನೋ. "ಅಪ್ಪ, ಎಷ್ಟು ದಿನಕ್ಕೆ ಬರುತ್ತೆ? ಮುಂದಿನ ಹಲ್ಲು ಬಂತಲ್ಲ, ಅಷ್ಟು ಬೇಗ ಬರುತ್ತಾ?"

ಏನಾದರೂ ಒಂದು ಹೇಳಿ ಸಾಗಹಾಕಬಹುದಿತ್ತು. ಆದರೆ ಅವಳು ದಿನಾ ಕನ್ನಡಿ ಮುಂದೆ ನಿಂತು ನೋಡುತ್ತಾಳೆ. ಮುಂದಿನ ಹಲ್ಲಿಗೂ ಹಾಗೇ ನೋಡಿದ್ದಳು, ದಿನಾ ಬೆಳಿಗ್ಗೆ, ವಸಡಿಗೆ ಬೆರಳು ಹಾಕಿ. ಇದಕ್ಕೂ ನೋಡುತ್ತಾಳೆ. ಎಷ್ಟು ವರ್ಷ ಅಂತ ನೋಡಬೇಕು?

"ಬರಲ್ಲ ಕಣವ್ವ" ಅಂದೆ.

"ಯಾಕೆ?"

"ಅದು ಹಾಲು ಹಲ್ಲಲ್ಲ. ಅಪ್ಪಂಗೆ ಗೊತ್ತಿರಲಿಲ್ಲ. ಆರು ವರ್ಷಕ್ಕೆ ಹಿಂದೆ ತಾನಾಗೇ ಬರುತ್ತಂತೆ, ಒಂದೇ ಸಲ. ಹೋದ್ರೆ ಹೋಯ್ತು."

ಸುಧಾ ಲೋಟ ಕೆಳಗಿಟ್ಟಳು. "ನಿನ್ನೆ ಹಾಲು ಹಲ್ಲು ಅಂದ್ರಲ್ಲ? ನಂಗೂ ಸುಳ್ಳು ಹೇಳಿದ್ರಾ?" ಅಂದಳು. ಚೈತ್ರ ಸಗಣಿ ಉಂಡೆ ಹಿಡಿದುಕೊಂಡೇ ನಿಂತಿದ್ದಳು, ಎಸೆಯಬೇಕೋ ಬೇಡವೋ ತಿಳಿಯದೆ. ಅವಳ ಕಡೆ ನೋಡಲಾಗದೆ ಷಡ್ಡಕನ ಕಡೆ ನೋಡಿದೆ. ಅವನ ಮುಖದಲ್ಲಿ ನಗು ಇರಲಿಲ್ಲ. ಅವನಿಗೆ ಅರ್ಥವಾಗಿತ್ತು. ಮಾನ್ಯಳ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ, ಬಾಯಿ ತೆಗೆಸಿ, ಬೆರಳಿನಿಂದ ಕೆನ್ನೆ ಸರಿಸಿ ನೋಡುತ್ತಿದ್ದ.

"ಇದೂ ಅದೇನಾ?" ಅಂದ.

"ಅದೇ."

"ನಿನ್ನೆ ನೀನೇ ತೋರ್ಸುದ್ಯಲ್ಲಯ್ಯ. ಗೊತ್ತಿದ್ದೂ ಸುಮ್ಕಿದ್ದಾ?"

"ಸುಮ್ನಿದ್ದೆ."

"ಯಾಕೆ?"

"ನಿಮ್ ಮಕ್ಳ ಹಲ್ಲು ಕಂಡ್ರೆ ನಂಗೆ ಹೊಟ್ಟೆಕಿಚ್ಚು ಅಣ್ಣ. ಅದ್ಕೇ."

ಅವನು ಕೈ ಎತ್ತುತ್ತಾನೆ ಅಂದುಕೊಂಡೆ. ಎತ್ತಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಲಲಿತಕ್ಕ ಮಧ್ಯೆ ಬಂದು, "ಈಗ ಹೇಳುದ್ನಲ್ಲ, ಬುಡಿ. ಉಳಿಸ್ಬೋದಾ ಅದ ಕೇಳಿ ಮೊದ್ಲು" ಅಂದಳು. ಉಳಿಸಬಹುದು, ಚುಕ್ಕೆ ಇದ್ದಾಗಲೇ ಹೋದರೆ ತುಂಬಿಸುತ್ತಾರೆ, ಚುಕ್ಕೆ ಇಲ್ಲದ ಹಲ್ಲಿಗೆ ಲೇಪ ಹಾಕುತ್ತಾರೆ ಅಂತ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ರಾತ್ರಿ ಉಜ್ಜುವಾಗ ದೊಡ್ಡವರೇ ಬ್ರಷ್ ಹಿಡಿದು ಕಟ್ಟಕಡೆಯ ಹಲ್ಲಿನವರೆಗೂ ಹೋಗಬೇಕು ಅಂತಲೂ ಹೇಳಿದೆ. ಆ ಕೊನೆಯ ಮಾತು ಡಾಕ್ಟರಮ್ಮ ಹೇಳಿದ್ದಲ್ಲ, ಅಲ್ಲೇ ನಿಂತು ನಾನೇ ಸೇರಿಸಿದೆ. ಷಡ್ಡಕ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ.

ಚೈತ್ರ ಹಲ್ಲನ್ನು ಎಸೆಯಲಿಲ್ಲ. ಸಗಣಿ ತೊಳೆದು ಮತ್ತೆ ಕಾಗದದಲ್ಲಿ ಸುತ್ತಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು.

ಹುಳದ ಕೆಲಸ ಮುಗಿದಿದ್ದರಿಂದ ಸುಧಾ, ಚೈತ್ರ ನನ್ನ ಜೊತೆಯೇ ಊರಿಗೆ ಹೊರಟರು, ಷಡ್ಡಕ ಮಾನ್ಯಳನ್ನು ಕರೆದುಕೊಂಡ. ಎಲ್ಲರೂ ಒಂದೇ ಆಟೋದಲ್ಲಿ ಮಾಗಡಿಗೆ ಬಂದು ಒಂದೇ ಬಸ್ಸು ಹತ್ತಿದೆವು. ಸುಧಾ ನನ್ನ ಪಕ್ಕ ಕೂರಲಿಲ್ಲ. ಷಡ್ಡಕ ನನ್ನ ಪಕ್ಕ ಕೂತ, ಅದೊಂದೇ ಸೀಟು ಖಾಲಿ ಇತ್ತು. ಅರ್ಧ ದಾರಿಯವರೆಗೆ ಇಬ್ಬರೂ ಮುಂದಿನವರ ತಲೆ ನೋಡುತ್ತಾ ಕೂತಿದ್ದೆವು. ಆಮೇಲೆ ಅವನು, "ಚೈತ್ರಂಗೆ ಇನ್ನೂ ಮೂರು ಮೂಲೇಲಿ ಮೂರು ಅಂತವೇ ಇರ್ತವಲ್ಲ. ಅವ ತೋರ್ಸಿದ್ಯಾ?" ಅಂದ. ನಾನು ತೋರಿಸಿರಲಿಲ್ಲ. ಕೀಳುವ ಗಡಿಬಿಡಿಯಲ್ಲಿ ಕೇಳುವುದೇ ಮರೆತಿತ್ತು. ಕಿತ್ತ ಜಾಗ ಮಾಗಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂದೆ. "ಹೋಗು. ಮರೀಬ್ಯಾಡ" ಅಂದ. ಅಲ್ಲೂ ಅವನದೇ ಮೇಲುಗೈ ಆಯಿತಲ್ಲ ಅಂತ ಉರಿದುಕೊಂಡೆ.

ರಾಮನಗರದಲ್ಲಿ ಇಳಿದೆವು. ನಮ್ಮ ಕನಕಪುರದ ಬಸ್ಸು ಹೊರಡಲು ನಿಂತಿತ್ತು. ಚೈತ್ರ ಕಿಟಕಿ ಪಕ್ಕ ಕೂತಳು, ಸುಧಾ ಹಿಂದಿನ ಸೀಟಿನಲ್ಲಿ. ಬಸ್ಸು ತಿರುಗುವಾಗ ನೋಡಿದರೆ ಷಡ್ಡಕ ಮಾನ್ಯಳನ್ನು ಎತ್ತಿಕೊಂಡು ಚನ್ನಪಟ್ಟಣದ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದ. ಅವನ ಭುಜದ ಮೇಲಿಂದ ಮಾನ್ಯ ನಮಗೆ ಕೈ ಬೀಸಿದಳು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಾ. ಸುಧಾ ಹಿಂದಿನಿಂದ ಕೈ ಬೀಸಿದಳು. ಚೈತ್ರ ಬೀಸಲಿಲ್ಲ.

ಊರು ದಾಟಿದ ಮೇಲೆ ಅವಳು ಕೇಳಿದಳು, "ಅಪ್ಪ, ಮಾನ್ಯಂದು ಕೀಳಲ್ವಾ?"

"ಇಲ್ಲ. ಉಳ್ಕೊಳ್ಳುತ್ತೆ."

"ನೀನು ಹೇಳಿದ್ದಕ್ಕಾ?"

"ಹೂಂ."

ಜೇಬಿನಲ್ಲಿದ್ದ ಕಾಗದದ ಪೊಟ್ಟಣ ಮುಟ್ಟಿ ನೋಡಿಕೊಂಡಳು. ಆಮೇಲೆ, "ನಂಗೂ ಯಾರಾದ್ರೂ ಹೇಳಿದ್ರೆ ಆಗಿರೋದು" ಅಂದು ಕಿಟಕಿ ಕಡೆ ತಿರುಗಿಕೊಂಡಳು. ಅವಳ ಟೋಪಿ ಸರಿಮಾಡಲು ಕೈ ಚಾಚಿದೆ, ತಲೆ ಸರಿಸಿಕೊಂಡಳು. ಕನಕಪುರ ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.